ಮುಟ್ಟಿದ್ದು ಯಾರು, ಮನಸ್ಸಿನಲ್ಲಿ ಇದ್ದದ್ದು ಏನು? ಪುಣೆಯ ಪ್ಲೇಗ್ ಮತ್ತು ದಾವೆಯ ಮುಚ್ಚಿದ ಬಾಗಿಲು

ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ. ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋರು ಜಾಸ್ತಿ ಇದ್ದೀರಿ ಅಂತ ಗೊತ್ತು, ಹಾಗಾಗಿ ಮಾತಿನಲ್ಲಿ ಅವಸರವಾಗಿ ದಾಟಿದ ತಾರೀಖುಗಳನ್ನೂ ಹೆಸರುಗಳನ್ನೂ ಸೇರಿಸಿದ್ದೀನಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ನಾನು ವಕೀಲ ಅಲ್ಲ. ಓದಿದ್ದು ಎಂಟೆಕ್, ಮಾಡೋದು ಕೋಡಿಂಗ್. ಇತಿಹಾಸದ ಹುಚ್ಚಿನಿಂದ ಕಾನೂನಿನ ಪುಸ್ತಕಕ್ಕೆ ಹೋದವನು.

ಪುಣೆಯಲ್ಲಿ ಇರೋರಿಗೆಲ್ಲ ಗಣೇಶಖಿಂಡ ರಸ್ತೆ ಗೊತ್ತು. ಹಿಂಜವಡಿಗೆ ಹೋಗೋರು ಅರ್ಧ ಆಯುಷ್ಯ ಕಳೆಯೋದೇ ಅಲ್ಲಿನ ಯೂನಿವರ್ಸಿಟಿ ಚೌಕದಲ್ಲಿ. ಆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ ಆಗ ಗವರ್ನರ್ ಸಾಹೇಬರ ಬಂಗಲೆ. 1897ರ ಜೂನ್ 22ರ ರಾತ್ರಿ ಅಲ್ಲಿ ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷ ಆದ ಸಂಭ್ರಮ. ಅದು ಮುಗಿಸಿಕೊಂಡು ಗಾಡಿಯಲ್ಲಿ ವಾಪಸ್ ಹೊರಟಿದ್ದ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಎಂಬ ಅಧಿಕಾರಿಗೆ ಚಿಂಚವಡದ ಚಾಪೇಕರ್ ಸಹೋದರರು ಗುಂಡು ಹೊಡೆದರು. ಹಿಂದಿನ ಗಾಡಿಯಲ್ಲಿದ್ದ ಲೆಫ್ಟಿನೆಂಟ್ ಏಯರ್ಸ್ಟ್ ಅಲ್ಲೇ ಸತ್ತ. ರ‍್ಯಾಂಡ್ ಜುಲೈ 3ರಂದು ಆಸ್ಪತ್ರೆಯಲ್ಲಿ ತೀರಿಕೊಂಡ. ಈ ಕಥೆ ಮರಾಠಿಯಲ್ಲಿ ಸಿನಿಮಾ ಆಗಿದೆ, ಚಿಂಚವಡದಲ್ಲಿ ಚೌಕಕ್ಕೆ ಹೆಸರಾಗಿದೆ. ಅದನ್ನ ಮತ್ತೆ ಹೇಳೋಕೆ ನಾನು ಬಂದಿಲ್ಲ.

ನನಗೆ ಕಾಡಿದ ಪ್ರಶ್ನೆ ಬೇರೆ. ಗುಂಡು ಹಾರಿದ್ದು ಜೂನ್‌ನಲ್ಲಿ. ಅದಕ್ಕೂ ಮುಂಚೆ, ಮಾರ್ಚ್ 13ರಿಂದ ಮೇ 19ರವರೆಗೆ, ಸುಮಾರು 900 ಮಂದಿ ಸೈನಿಕರು ಮತ್ತು ಅಧಿಕಾರಿಗಳು ಪುಣೆಯ ಪೇಟೆಗಳಲ್ಲಿ ಮನೆಮನೆಗೆ ನುಗ್ಗಿ ಪ್ಲೇಗ್ ರೋಗಿಗಳನ್ನು ಹುಡುಕಿದರು. ಪುಣೆ ಅಂದ್ರೆ ಆಗಿನ ಕಾಲಕ್ಕೆ ವಕೀಲರ ಊರು. ಸಾರ್ವಜನಿಕ ಸಭೆ ಇತ್ತು. ಮಹಾದೇವ ಗೋವಿಂದ ರಾನಡೆ ಬಾಂಬೆ ಹೈಕೋರ್ಟಿನ ನ್ಯಾಯಾಧೀಶರಾಗಿದ್ದರು. ತಿಲಕರೇ ಎಲ್ಎಲ್‌ಬಿ ಓದಿ ಕಾನೂನಿನ ಕ್ಲಾಸ್ ನಡೆಸಿದವರು. ಒಂದು ಗೋಡೆಗಾಗಿ ಮೂರು ತಲೆಮಾರು ಕೋರ್ಟು ಅಲೆಯುವ ಜನ. ಅಂಥಾ ಊರಲ್ಲಿ, ಮನೆಗೆ ನುಗ್ಗಿದ ಸೈನಿಕನ ಮೇಲೆ ಒಂದು ಸಿವಿಲ್ ದಾವೆ ಹಾಕೋ ದಾರಿ ಇತ್ತಾ? ಇಲ್ಲದಿದ್ದರೆ ಯಾಕಿರಲಿಲ್ಲ?

ಇದಕ್ಕೆ ಉತ್ತರ ಹುಡುಕಬೇಕಾದರೆ ಟಾರ್ಟ್ ಅನ್ನೋ ಪದದ ಹತ್ತಿರ ಹೋಗಬೇಕು. ಕನ್ನಡದ ಕಾನೂನು ಪುಸ್ತಕಗಳಲ್ಲಿ ಅದನ್ನ ಅಪಕೃತ್ಯ ಅಂತಾರೆ. ಒಬ್ಬ ನಿಮ್ಮ ಕೆನ್ನೆಗೆ ಹೊಡೆದ ಅಂದುಕೊಳ್ಳಿ. ಪೊಲೀಸ್ ಸ್ಟೇಷನ್ನಿಗೆ ಹೋದರೆ ಅದು ಅಪರಾಧ. ಸರ್ಕಾರ ಕೇಸು ನಡೆಸುತ್ತೆ, ಅವನಿಗೆ ಶಿಕ್ಷೆ ಆದರೂ ನಿಮ್ಮ ಕೈಗೆ ಸಾಮಾನ್ಯವಾಗಿ ಏನೂ ಬರಲ್ಲ. ಸಿವಿಲ್ ಕೋರ್ಟಿಗೆ ಹೋದರೆ ಅದೇ ಏಟು ಅಪಕೃತ್ಯ. ಕೇಸಿನ ಮಾಲೀಕರು ನೀವು, ಕೇಳೋದು ಪರಿಹಾರದ ದುಡ್ಡು. ಗುತ್ತಿಗೆ, ಆಸ್ತಿ, ದಂಡ ಎಲ್ಲಕ್ಕೂ ನಮ್ಮಲ್ಲಿ ಲಿಖಿತ ಕಾಯ್ದೆ ಇದೆ, ಇದಕ್ಕೆ ಮಾತ್ರ ಇಲ್ಲ. ಫ್ರೆಡರಿಕ್ ಪೊಲಾಕ್ ಎಂಬ ವಿದ್ವಾಂಸ 1886ರಲ್ಲಿ ಭಾರತ ಸರ್ಕಾರಕ್ಕಾಗಿ ಒಂದು ಮಸೂದೆ ಬರೆದುಕೊಟ್ಟ, ಅದು ಕಾಯ್ದೆ ಆಗಲೇ ಇಲ್ಲ. ಹಾಗಾಗಿ ಇವತ್ತಿಗೂ ನಮ್ಮ ಕೋರ್ಟುಗಳು ಈ ವಿಷಯ ಬಂದಾಗ ಇಂಗ್ಲೆಂಡಿನ ಹಳೇ ತೀರ್ಪುಗಳನ್ನು ತಿರುವಿ ಹಾಕುತ್ತವೆ. ಡಾಕ್ಯುಮೆಂಟೇಶನ್ ಇಲ್ಲದ ಹಳೇ ಸಿಸ್ಟಮ್ ಇದ್ದ ಹಾಗೆ. ಹೇಗೆ ಓಡುತ್ತೆ ಅಂತ ತಿಳೀಬೇಕಾದರೆ ಹಿಂದಿನ ಟಿಕೆಟ್ಟುಗಳನ್ನೇ ಓದಬೇಕು.

ಅಪಕೃತ್ಯಗಳಲ್ಲಿ ಎರಡು ದೊಡ್ಡ ಜಾತಿ. ಅಜಾಗರೂಕತೆಯಿಂದ ಆಗೋದು ಒಂದು, ಆಕ್ಸಿಡೆಂಟ್ ಕೇಸುಗಳೆಲ್ಲ ಅದರಲ್ಲಿ ಬರುತ್ತವೆ. ಬೇಕಂತಲೇ ಮಾಡೋದು ಇನ್ನೊಂದು. ನಮ್ಮ ವಿಷಯ ಎರಡನೆಯದು. ಇದರಲ್ಲಿ ವಾದಿ ತೋರಿಸಬೇಕಾದ್ದು ಮುಖ್ಯವಾಗಿ ಮೂರು. ಪ್ರತಿವಾದಿ ಏನೋ ಒಂದು ಮಾಡಿದ, ಅದನ್ನು ಉದ್ದೇಶಪಟ್ಟು ಮಾಡಿದ, ಅದರಿಂದ ನೇರವಾಗಿ ನನ್ನ ಮೈಗೋ ಓಡಾಟಕ್ಕೋ ಮನೆಗೋ ವಸ್ತುವಿಗೋ ಧಕ್ಕೆ ಬಂತು. ಒಪ್ಪಿಗೆ ಇತ್ತು, ಅಥವಾ ಕಾನೂನಿನ ಅಧಿಕಾರ ಇತ್ತು ಅನ್ನೋದು ಪ್ರತಿವಾದಿಯ ಬಾಯಲ್ಲಿ ಬರಬೇಕಾದ ಮಾತು. ಗಮನಿಸಿ, ನಷ್ಟ ಎಷ್ಟಾಯ್ತು ಅನ್ನೋದು ಈ ಪಟ್ಟಿಯಲ್ಲಿಲ್ಲ. ಚರ್ಮ ಕಿತ್ತು ಹೋಗಬೇಕಿಲ್ಲ, ಬಾಗಿಲು ಮುರಿಯಬೇಕಿಲ್ಲ. ಹಕ್ಕು ಮುರಿದರೆ ಸಾಕು.

ಎಲ್ಲರೂ ಎಡವೋದು ಉದ್ದೇಶ ಅನ್ನೋ ಪದದಲ್ಲಿ. ಉದ್ದೇಶ ಅಂದ ಕೂಡಲೆ ನಮ್ಮ ತಲೆಗೆ ಬರೋದು ದ್ವೇಷ, ಕೆಟ್ಟ ಮನಸ್ಸು. ಸಿವಿಲ್ ಕಾನೂನು ಕೇಳೋದು ಅದನ್ನಲ್ಲ. ಹೋಳಿ ದಿನ ಸೊಸೈಟಿಯಲ್ಲಿ ಒಬ್ಬ ಬಂದು, ಬೇಡ ಅಂದರೂ ಬಿಡದೆ ನಿಮ್ಮ ಮುಖಕ್ಕೆ ಬಣ್ಣ ಬಳಿದ ಅನ್ನಿ. ಅವನಿಗೆ ನಿಮ್ಮ ಮೇಲೆ ಪ್ರೀತಿಯೇ ಇರಬಹುದು. ಆದರೆ ಕೈ ಎತ್ತಿದ್ದು, ಮುಖಕ್ಕೆ ತಾಗಿಸಿದ್ದು ಬೇಕಂತಲೇ ತಾನೆ? ಅಷ್ಟೇ ಉದ್ದೇಶ. ಮುಟ್ಟಬೇಕು ಅಂದುಕೊಂಡು ಮುಟ್ಟಿದೆಯಾ ಅನ್ನೋದು ಪ್ರಶ್ನೆ. ನೋಯಿಸಬೇಕು ಅಂದುಕೊಂಡೆಯಾ ಅನ್ನೋದು ಪ್ರಶ್ನೆ ಅಲ್ಲ. 1704ರ ಕೋಲ್ ವಿರುದ್ಧ ಟರ್ನರ್ ಕೇಸಿನಲ್ಲಿ ನ್ಯಾಯಾಧೀಶ ಹೋಲ್ಟ್, ಸಿಟ್ಟಿನಿಂದ ಕೂದಲೆಳೆಯಷ್ಟು ಮುಟ್ಟಿದರೂ ತಪ್ಪೇ ಅಂತ ಹೇಳಿದ್ದ. ಆ ಸಿಟ್ಟಿನ ಷರತ್ತೂ ಕಾಲಕ್ರಮೇಣ ಉದುರಿಹೋಯ್ತು. 1984ರ ಕಾಲಿನ್ಸ್ ವಿರುದ್ಧ ವಿಲ್ಕಾಕ್ ಕೇಸಿನಲ್ಲಿ, ದಿನನಿತ್ಯದ ಬದುಕಿನಲ್ಲಿ ಎಲ್ಲರೂ ಒಪ್ಪುವ ಸ್ಪರ್ಶವನ್ನು ಮೀರಿದ ಯಾವುದೇ ಮುಟ್ಟುವಿಕೆ ಸಾಕು ಅಂದರು. ಶಿವಾಜಿನಗರದ ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗೋದು ಬದುಕು. ಬಸ್ಸಿಳಿದ ಮೇಲೆ ರಟ್ಟೆ ಹಿಡಿದು ನಿಲ್ಲಿಸೋದು ಬೇರೆ.

ಮುಟ್ಟದಿದ್ದರೂ ತಪ್ಪಾಗಬಹುದು. 1348ರ ಒಂದು ಇಂಗ್ಲಿಷ್ ಕೇಸು ಇದೆ, ಹೆಸರುಗಳೂ ಸರಿಯಾಗಿ ಉಳಿದಿಲ್ಲ. ಒಬ್ಬ ರಾತ್ರಿ ಹೊತ್ತಲ್ಲಿ ಹೆಂಡದಂಗಡಿ ಬಾಗಿಲಿಗೆ ಕೊಡಲಿಯಿಂದ ಹೊಡೀತಾ ಇದ್ದ. ಅಂಗಡಿಯವನ ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿ ನಿಲ್ಲಿಸು ಅಂದಳು. ಅವಳ ಕಡೆಗೂ ಕೊಡಲಿ ಬೀಸಿದ, ತಾಗಲಿಲ್ಲ. ಪೆಟ್ಟೇ ಬಿದ್ದಿಲ್ಲವಲ್ಲ ಅನ್ನೋ ವಾದವನ್ನು ಕೋರ್ಟು ಒಪ್ಪಲಿಲ್ಲ, ಪರಿಹಾರ ಕೊಡಿಸಿತು. ಈಗಲೇ ಏಟು ಬೀಳುತ್ತೆ ಅನ್ನೋ ಭಯ ಹುಟ್ಟಿಸಿದ್ದೇ ಹಲ್ಲೆ.

ಅಕ್ರಮ ಬಂಧನದ್ದು ಇನ್ನೂ ಸ್ವಾರಸ್ಯ. 1845ರ ಬರ್ಡ್ ವಿರುದ್ಧ ಜೋನ್ಸ್. ಲಂಡನ್ನಿನ ಹ್ಯಾಮರ್‌ಸ್ಮಿತ್ ಸೇತುವೆಯ ಒಂದು ಭಾಗಕ್ಕೆ ದೋಣಿ ಪಂದ್ಯ ನೋಡೋರಿಗಾಗಿ ಬೇಲಿ ಹಾಕಿದ್ದರು. ಬರ್ಡ್ ಬೇಲಿ ಹಾರಿದ, ಮುಂದೆ ಬಿಡಲಿಲ್ಲ. ಹಿಂದೆ ಹೋಗೋ ದಾರಿ ಮಾತ್ರ ತೆರೆದಿತ್ತು. ಇದು ಬಂಧನ ಅಲ್ಲ ಅಂತ ಬಹುಮತದ ತೀರ್ಪು. ಎಲ್ಲ ದಿಕ್ಕೂ ಮುಚ್ಚಿದರೆ ಮಾತ್ರ ಬಂಧನ. ನಮ್ಮ ಲೈನಿನವರಿಗೆ ಇದು ದೂರದ ವಿಷಯ ಅಲ್ಲ. ಸ್ನೇಹಿತನೊಬ್ಬನನ್ನು ಅವನ ಕಂಪನಿಯಲ್ಲಿ ಮೀಟಿಂಗ್ ರೂಮಿಗೆ ಕರೆದು, ಫೋನ್ ತೆಗೆದಿಟ್ಟು, ರಾಜೀನಾಮೆ ಟೈಪ್ ಮಾಡೋವರೆಗೆ ಎರಡೂವರೆ ಗಂಟೆ ಕೂರಿಸಿದ್ದರು. ಬಾಗಿಲಿಗೆ ಬೀಗ ಇರಲಿಲ್ಲ. ಆದರೆ ಬಾಗಿಲ ಮುಂದೆ ಸೆಕ್ಯುರಿಟಿಯವನು ನಿಂತಿದ್ದ, ಆಕ್ಸೆಸ್ ಕಾರ್ಡ್ ಅವರ ಕೈಯಲ್ಲಿತ್ತು. ಎದ್ದು ಹೋಗಬಹುದಿತ್ತಾ ಇಲ್ಲವಾ ಅನ್ನೋದರ ಮೇಲೆ ಇಡೀ ಕೇಸು ನಿಲ್ಲುತ್ತೆ. ಅವನು ಕೇಸು ಹಾಕಲಿಲ್ಲ, ಮುಂದಿನ ತಿಂಗಳು ಬೇರೆ ಕೆಲಸ ಸಿಕ್ಕಿತು.

ಈಗ ಇದೇ ಕನ್ನಡಕ ಹಾಕ್ಕೊಂಡು 1897ರ ಪುಣೆಯನ್ನು ನೋಡಿ. ಮುಂಬಯಿಯ ಮಾಂಡವಿಯಲ್ಲಿ 1896ರ ಸೆಪ್ಟೆಂಬರಿನಲ್ಲಿ ಪ್ಲೇಗ್ ಪತ್ತೆಯಾಯ್ತು. ಚಳಿಗಾಲದ ಹೊತ್ತಿಗೆ ಪುಣೆಗೆ ಬಂತು. ಸತಾರಾದಲ್ಲಿ ಅಸಿಸ್ಟೆಂಟ್ ಕಲೆಕ್ಟರ್ ಆಗಿದ್ದ ರ‍್ಯಾಂಡ್‌ನನ್ನು ವಿಶೇಷ ಪ್ಲೇಗ್ ಸಮಿತಿಯ ಅಧ್ಯಕ್ಷನಾಗಿ ಕರೆತಂದರು. ಡರ್ಹ್ಯಾಮ್ ಲೈಟ್ ಇನ್‌ಫೆಂಟ್ರಿಯ ಗೋರಾ ಸಿಪಾಯಿಗಳು ಬೀದಿಗಿಳಿದರು. ಪ್ಲೇಗಿನ ಗಡ್ಡೆ ಬರೋದು ಕಂಕುಳಲ್ಲಿ, ತೊಡೆಸಂದಿಯಲ್ಲಿ. ಪರೀಕ್ಷೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಗಂಡಸು ಹೆಂಗಸು ಅನ್ನದೆ ಬೀದಿಯಲ್ಲಿ, ಅಂಗಳದಲ್ಲಿ ಬಟ್ಟೆ ಸರಿಸಿ ನೋಡಿದರು ಅಂತ ಆಗಿನ ಪತ್ರಿಕೆಗಳ ತುಂಬ ದೂರು. ರೋಗಿಯನ್ನು ಆಸ್ಪತ್ರೆಗೆ, ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೆ ಒಯ್ದರು. ನೆಲ ಅಗೆದರು, ಹಾಸಿಗೆ ಬಟ್ಟೆ ಸುಟ್ಟರು. ದೇವರಮನೆಗೆ ಬೂಟುಗಾಲಲ್ಲಿ ಬಂದರು, ಸಾಮಾನು ಕಳುವಾಯ್ತು ಅನ್ನೋ ದೂರುಗಳೂ ಇದ್ದವು.

ಒಂದೊಂದನ್ನೂ ಪಟ್ಟಿಗೆ ಹೊಂದಿಸಿ ನೋಡಿ. ಒಪ್ಪಿಗೆಯಿಲ್ಲದ ದೇಹ ಪರೀಕ್ಷೆ, ಅದು ಮೈಮೇಲಿನ ಅಪಕೃತ್ಯ. ಬಂದೂಕು ಹಿಡಿದವನು ಬಾಗಿಲಲ್ಲಿ ನಿಂತರೆ ಹಲ್ಲೆಯ ಭಯ. ಶಿಬಿರ ಅಕ್ರಮ ಬಂಧನ, ಮನೆ ಹೊಕ್ಕಿದ್ದು ಅತಿಕ್ರಮ ಪ್ರವೇಶ, ಹಾಸಿಗೆ ಸುಟ್ಟಿದ್ದು ವಸ್ತುವಿನ ಮೇಲಿನ ಅತಿಕ್ರಮ. ಕಾನೂನಿನ ಮೇಷ್ಟ್ರು ಕ್ಲಾಸಿಗೆ ಉದಾಹರಣೆ ಹುಡುಕಿದರೂ ಇಷ್ಟು ಒಟ್ಟಿಗೆ ಸಿಗಲ್ಲ. ಉದ್ದೇಶ? ಯಾವ ಸೈನಿಕನೂ ಎಡವಿ ಬಿದ್ದು ಮನೆಯೊಳಗೆ ಬಂದಿರಲಿಲ್ಲ.

ಈ ವಿಷಯದಲ್ಲಿ ಮೊದಲು ಹೆಸರು ಹಾಕಿ ಬರೆದವರಲ್ಲಿ ಒಬ್ಬರು ನಮ್ಮ ಕಡೆಯವರು. ಪಂಡಿತಾ ರಮಾಬಾಯಿ. ತಂದೆ ಅನಂತ ಶಾಸ್ತ್ರಿ ಡೋಂಗರೆ ಕಾರ್ಕಳದ ಹತ್ತಿರದ ಮಾಳದವರು, ರಮಾಬಾಯಿ ಹುಟ್ಟಿದ್ದು 1858ರಲ್ಲಿ ಘಟ್ಟದ ಗಂಗಾಮೂಲದ ಕಾಡಿನಲ್ಲಿ. 1897ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ನಡೆಸುತ್ತಿದ್ದರು. ಆ ವರ್ಷ ಮೇ ತಿಂಗಳಲ್ಲಿ ಬಾಂಬೆ ಗಾರ್ಡಿಯನ್ ಪತ್ರಿಕೆಗೆ ಅವರು ಪ್ಲೇಗ್ ಆಸ್ಪತ್ರೆಯ ವ್ಯವಸ್ಥೆಯ ಬಗ್ಗೆ, ಅಲ್ಲಿಗೆ ಒಯ್ದ ತಮ್ಮ ಹುಡುಗಿಯೊಬ್ಬಳಿಗೆ ಆದದ್ದರ ಬಗ್ಗೆ ಕಟುವಾಗಿ ಬರೆದರು. ಗವರ್ನರ್ ಲಾರ್ಡ್ ಸ್ಯಾಂಡ್‌ಹರ್ಸ್ಟ್ ಅದನ್ನು ತಪ್ಪು, ದಾರಿ ತಪ್ಪಿಸುವಂಥದ್ದು ಅಂತ ತಳ್ಳಿಹಾಕಿದ. ರಮಾಬಾಯಿ ಕ್ರೈಸ್ತರಾಗಿದ್ದರಿಂದ ಪುಣೆಯ ಸಂಪ್ರದಾಯಸ್ಥರಿಗೆ ಅವರು ಬೇಡ, ಸರ್ಕಾರವನ್ನು ಬೈದದ್ದರಿಂದ ಸರ್ಕಾರಕ್ಕೂ ಬೇಡ. ನನಗೆ ಈ ಇಡೀ ಪ್ರಕರಣದಲ್ಲಿ ಅತಿ ಗಟ್ಟಿ ಮನುಷ್ಯ ಅನಿಸೋದು ಅವರೇ.

ಅದೇ ಬೇಸಿಗೆಯಲ್ಲಿ ಗೋಪಾಲಕೃಷ್ಣ ಗೋಖಲೆ ಲಂಡನ್ನಿನಲ್ಲಿದ್ದರು, ವೆಲ್ಬಿ ಆಯೋಗದ ಮುಂದೆ ಸಾಕ್ಷಿ ಹೇಳೋಕೆ ಹೋಗಿದ್ದರು. ಪುಣೆಯ ಗೆಳೆಯರ ಪತ್ರಗಳನ್ನು ನಂಬಿ, ಸೈನಿಕರು ಇಬ್ಬರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ದಾರೆ ಅನ್ನೋ ಆರೋಪವನ್ನು ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಗೆ ಹೇಳಿದರು. ಬ್ರಿಟನ್ನಿನಲ್ಲಿ ಗದ್ದಲ ಆಯ್ತು, ಹೆಸರು ಕೊಡಿ, ಸಾಕ್ಷಿ ಕೊಡಿ ಅಂದರು. ಊರಿಗೆ ಮರಳಿದಾಗ ಯಾರೂ ಮುಂದೆ ಬರಲಿಲ್ಲ. ಪತ್ರ ಬರೆದವರೂ ಹೆಸರು ಬಿಟ್ಟುಕೊಡಲು ಒಪ್ಪಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಗೋಖಲೆ ಬೇಷರತ್ ಕ್ಷಮೆ ಕೇಳಿದರು. ಅದಕ್ಕಾಗಿ ಬದುಕಿಡೀ ಮಾತು ಕೇಳಿದರು. ಆದರೆ ಯೋಚನೆ ಮಾಡಿ, 1897ರ ಒಬ್ಬ ಗೃಹಿಣಿ ಪುಣೆಯ ಕೋರ್ಟಿನಲ್ಲಿ ಗಂಡಸರ ಮುಂದೆ ನಿಂತು, ಎದುರು ವಕೀಲನ ಪ್ರಶ್ನೆಗೆ, ಯಾರು ಎಲ್ಲಿ ಮುಟ್ಟಿದರು ಅಂತ ಹೇಳಬೇಕು. ದಾವೆಯಲ್ಲಿ ಗೆದ್ದರೂ ಮನೆಯಲ್ಲಿ ಸೋಲು. ಮೇಲಾಗಿ ಪ್ರತಿವಾದಿಯ ಹೆಸರೇನು? ಬಾಗಿಲಲ್ಲಿ ಬಂದ ಮೂರು ಜನ ಕೆಂಪು ಮುಖದವರಲ್ಲಿ ಯಾರು? ಸರ್ಕಾರಿ ನೌಕರನ ಮೇಲೆ ದಾವೆಗೆ ಆಗಿನ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಎರಡು ತಿಂಗಳ ಮುಂಗಡ ನೋಟಿಸು ಬೇರೆ. ಅಷ್ಟರಲ್ಲಿ ಆ ಪಡೆ ಎಲ್ಲಿಗೋ ವರ್ಗವಾಗಿ ಹೋಗಿರುತ್ತೆ.

ರ‍್ಯಾಂಡ್ ಸಮಿತಿಯ ವರದಿಯಲ್ಲಿ ಒಂದು ವಾಕ್ಯ ಬರುತ್ತೆ. ಹೆಂಗಸರ ಮಾನಕ್ಕೆ ಉದ್ದೇಶಪೂರ್ವಕವಾಗಿ ಧಕ್ಕೆ ತಂದರು ಎಂಬ ನಂಬಬಹುದಾದ ದೂರು ಸಮಿತಿಗಾಗಲಿ ಸೈನಿಕರ ಮೇಲಧಿಕಾರಿಗಳಿಗಾಗಲಿ ಬರಲಿಲ್ಲ, ಅದು ತಮಗೆ ತುಂಬ ಸಮಾಧಾನದ ಸಂಗತಿ ಅಂತ. ನಾನು ಓದ್ತಾ ಓದ್ತಾ ಆ ಉದ್ದೇಶಪೂರ್ವಕ ಅನ್ನೋ ಪದದ ಮೇಲೆ ನಿಂತುಬಿಟ್ಟೆ. ಎಷ್ಟು ಹುಷಾರಿ ನೋಡಿ. ಮುಟ್ಟಲಿಲ್ಲ ಅಂತ ಹೇಳ್ತಿಲ್ಲ. ಅವಮಾನ ಮಾಡೋ ಉದ್ದೇಶದಿಂದ ಮುಟ್ಟಲಿಲ್ಲ ಅಂತ ಹೇಳ್ತಿದ್ದಾರೆ. ಸಿವಿಲ್ ಕಾನೂನಿನಲ್ಲಿ ಉದ್ದೇಶ ಕೈಗೆ ಸಂಬಂಧಪಟ್ಟದ್ದು, ಇಲ್ಲಿ ಅದನ್ನು ತಂದು ಎದೆಯೊಳಗೆ ಇಟ್ಟುಬಿಟ್ಟರು. ಎದೆಯೊಳಗಿನದ್ದಕ್ಕೆ ಸಾಕ್ಷಿ ಎಲ್ಲಿಂದ ತರೋದು?

ಇದು ಬರೀ ವರದಿಯ ಮಾತಿನ ಚಾತುರ್ಯ ಆಗಿದ್ದರೆ ಬಿಡಬಹುದಿತ್ತು. ಕಾಯ್ದೆಯಲ್ಲೇ ಹಾಗಿತ್ತು. ಸಾಂಕ್ರಾಮಿಕ ರೋಗಗಳ ಕಾಯ್ದೆ, 1897. ಕಲ್ಕತ್ತೆಯ ವೈಸರಾಯ್ ಕೌನ್ಸಿಲಿನಲ್ಲಿ ಜನವರಿ ಕೊನೆಗೆ ಮಂಡನೆ, ಫೆಬ್ರವರಿ 4ಕ್ಕೆ ಕಾನೂನು. ಇಡೀ ಕಾಯ್ದೆಗೆ ನಾಲ್ಕೇ ಕಲಮುಗಳು. ಸರ್ಕಾರ ಬೇಕಾದ ನಿಯಮ ಮಾಡಬಹುದು ಅಂತ ಎರಡನೆಯದು, ಮೀರಿದರೆ ಶಿಕ್ಷೆ ಅಂತ ಮೂರನೆಯದು. ನಾಲ್ಕನೆಯದರ ತಾತ್ಪರ್ಯ: ಈ ಕಾಯ್ದೆಯ ಕೆಳಗೆ ಮಾಡಿದ, ಅಥವಾ ಸದ್ಭಾವನೆಯಿಂದ ಮಾಡಹೊರಟ ಯಾವುದಕ್ಕೂ, ಯಾರ ಮೇಲೂ, ದಾವೆಯಾಗಲಿ ಬೇರೆ ಕಾನೂನು ಕ್ರಮವಾಗಲಿ ನಡೆಯುವಂತಿಲ್ಲ. ಕೋಡ್ ಬರೆಯೋರಿಗೆ ಅರ್ಥ ಆಗುತ್ತೆ. ಮೇಲೆ ಎಷ್ಟೇ ಎಚ್ಚರದಿಂದ ಷರತ್ತು ಬರೆದಿರಿ, ಕೊನೆಯಲ್ಲೊಬ್ಬ ಬಂದು ಎಲ್ಲ ಎರರ್‌ಗಳನ್ನೂ ಸದ್ದಿಲ್ಲದೆ ನುಂಗೋ ಖಾಲಿ ಕ್ಯಾಚ್ ಬ್ಲಾಕ್ ಹಾಕಿದ ಹಾಗೆ.

ಇಂಗ್ಲೆಂಡಿನಲ್ಲೇ ಇದಕ್ಕೆ ಪೂರ್ತಿ ಉಲ್ಟಾ ಇರುವ ಒಂದು ದೊಡ್ಡ ಕೇಸು ಇತ್ತು. 1762ರ ನವೆಂಬರ್ 11ರಂದು ರಾಜನ ದೂತರು ಜಾನ್ ಎಂಟಿಕ್ ಎಂಬ ಬರಹಗಾರನ ಮನೆಗೆ ನುಗ್ಗಿ, ನಾಲ್ಕು ಗಂಟೆ ಹುಡುಕಿ, ಕಾಗದಗಳನ್ನು ಹೊತ್ತೊಯ್ದರು. ಮಂತ್ರಿ ಲಾರ್ಡ್ ಹ್ಯಾಲಿಫ್ಯಾಕ್ಸ್ ವಾರಂಟ್ ಕೊಟ್ಟಿದ್ದ. ಎಂಟಿಕ್ ಅತಿಕ್ರಮದ ದಾವೆ ಹೂಡಿದ. 1765ರಲ್ಲಿ ಲಾರ್ಡ್ ಕ್ಯಾಮ್ಡನ್ ಕೇಳಿದ್ದು ಸರಳ ಪ್ರಶ್ನೆ: ಈ ಅಧಿಕಾರ ಕೊಡುವ ಕಾನೂನು ಎಲ್ಲಿದೆ, ತೋರಿಸಿ. ತೋರಿಸೋಕೆ ಆಗಲಿಲ್ಲ. 300 ಪೌಂಡ್ ಪರಿಹಾರ. ದೂತರು ನಮ್ಮ ಮನಸ್ಸು ಒಳ್ಳೆಯದಿತ್ತು, ದೇಶದ ಹಿತಕ್ಕೆ ಮಾಡಿದೆವು ಅಂದರೂ ನಡೆಯಲಿಲ್ಲ. ಕಾಲೇಜಿನ ಪಠ್ಯಗಳಲ್ಲಿ ಈ ಕೇಸನ್ನು ಸ್ವಾತಂತ್ರ್ಯದ ದೀಪ ಅನ್ನೋ ಥರ ಹೊಗಳ್ತಾರೆ. ಹೊಗಳಲಿ. ಆದರೆ ಅದರಲ್ಲಿ ಒಂದು ತೂತಿದೆ. ಕಾನೂನು ತೋರಿಸಿ ಅಂದಾಗ ಇಲ್ಲ ಅಂದದ್ದಕ್ಕೆ ಎಂಟಿಕ್ ಗೆದ್ದ. ಪುಣೆಯ ಸೈನಿಕ ತೋರಿಸಬಲ್ಲವನಾಗಿದ್ದ, ಯಾಕಂದ್ರೆ ಒಂದು ತಿಂಗಳ ಹಿಂದೆ ತಾನೇ ಅದನ್ನು ಬರೆದಿಟ್ಟಿದ್ದರು. ಬರೆದವರಿಗೆ ಪುಣೆಯ ಜನ ಓಟು ಹಾಕಿರಲಿಲ್ಲ.

ಹಾಗಾದರೆ ಸದ್ಭಾವನೆ ಅಂದರೆ ಏನು? ದಂಡ ಸಂಹಿತೆ 1860ರಲ್ಲೇ ಹೇಳಿತ್ತು, ತಕ್ಕ ಎಚ್ಚರಿಕೆಯಿಲ್ಲದೆ ಮಾಡಿದ್ದು ಸದ್ಭಾವನೆ ಅಲ್ಲ ಅಂತ. ಅದು ಒಳ್ಳೆಯ ವ್ಯಾಖ್ಯೆ. ಪ್ಲೇಗ್ ಕಾಯ್ದೆ ಬಂದ ಐದು ವಾರಕ್ಕೆ, ಮಾರ್ಚ್ 11ರಂದು, ಜನರಲ್ ಕ್ಲಾಸಸ್ ಕಾಯ್ದೆ ಬಂತು. ಮುಂದೆ ಬರುವ ಕಾಯ್ದೆಗಳಿಗೆಲ್ಲ ಅದು ಬೇರೆ ವ್ಯಾಖ್ಯೆ ಕೊಟ್ಟಿತು: ಪ್ರಾಮಾಣಿಕವಾಗಿ ಮಾಡಿದ್ದರೆ ಸಾಕು, ಅಜಾಗರೂಕತೆ ಇದ್ದರೂ ಅದು ಸದ್ಭಾವನೆಯೇ. ಸ್ಟ್ರಿಕ್ಟ್ ಆಗಿ ನೋಡಿದರೆ ಪ್ಲೇಗ್ ಕಾಯ್ದೆ ಅದಕ್ಕಿಂತ ಹಿಂದಿನದು, ಆ ವ್ಯಾಖ್ಯೆ ತಾನಾಗಿ ಅನ್ವಯಿಸಲ್ಲ. ಆದರೆ ಆ ಹೊತ್ತಿನ ಕಲ್ಕತ್ತೆಯ ತಲೆ ಯಾವ ಕಡೆ ವಾಲಿತ್ತು ಅಂತ ತಿಳಿಯುತ್ತೆ.

ನಾಲ್ಕನೇ ಕಲಮು ಎಲ್ಲವನ್ನೂ ಮುಚ್ಚಿತಾ? ಕಾಗದದ ಮೇಲೆ ಇಲ್ಲ. 1610ರ ಆರು ಬಡಗಿಗಳ ಕೇಸು ಅಂತ ಒಂದಿದೆ. ಕಾನೂನು ಕೊಟ್ಟ ಅಧಿಕಾರದಿಂದ ಒಳಗೆ ಬಂದವನು ಒಳಗೆ ಬಂದು ಅದನ್ನು ದುರುಪಯೋಗ ಮಾಡಿಕೊಂಡರೆ, ಅವನು ಕಾಲಿಟ್ಟ ಕ್ಷಣದಿಂದಲೇ ಅತಿಕ್ರಮಿ ಅಂತ ಅಲ್ಲಿನ ತತ್ವ. ರೋಗಿ ಹುಡುಕೋಕೆ ಬಂದವನು ಗೂಡಿನಲ್ಲಿದ್ದ ಬಳೆ ಎತ್ತಿಕೊಂಡು ಹೋದರೆ ಅದಕ್ಕೆ ಯಾವ ಸದ್ಭಾವನೆಯ ಬೇಲಿಯೂ ಇಲ್ಲ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಒಂದು ಸಂದಿ ಇತ್ತು. ಆ ಸಂದಿಯಲ್ಲಿ ತೂರಬೇಕಾದರೆ ಸೈನಿಕನ ಹೆಸರು, ಸಾಕ್ಷಿ, ನೋಟಿಸು, ಕೋರ್ಟು ಫೀಜು, ಮನೆಯವರ ಒಪ್ಪಿಗೆ ಎಲ್ಲ ಬೇಕು. ಅದಕ್ಕೇ ನನಗೆ, ಪುಣೆಯವರು ಕೋರ್ಟಿಗೆ ಹೋಗಬಹುದಿತ್ತಲ್ಲ ಅನ್ನೋ ವಾದ ಹಗುರ ಅನಿಸುತ್ತೆ. ಹಾಗಂತ ದಾವೆಯ ದಾರಿ ಇದ್ದಿದ್ದರೆ ಚಾಪೇಕರರು ಪಿಸ್ತೂಲು ಹಿಡೀತಿರಲಿಲ್ಲ ಅಂತಾನೂ ನಾನು ಹೇಳಲ್ಲ. ಅವರ ಕೋಪಕ್ಕೆ ಬೇರೆ ಬೇರುಗಳೂ ಇದ್ದವು.

ಇನ್ನೊಂದು ಬದಿಯನ್ನೂ ಹೇಳಬೇಕು, ಇಲ್ಲದಿದ್ದರೆ ಕಥೆ ಒಂಟಿಗಾಲಲ್ಲಿ ನಿಲ್ಲುತ್ತೆ. ಪ್ಲೇಗ್ ಸುಳ್ಳಲ್ಲ. ನಾನಿರೋ ಕೊಂಢವಾದಿಂದ ಹಡಪಸರ ಎಷ್ಟು ದೂರ? ಅಲ್ಲಿನ ಸಾಸಾಣೆ ಮಳಾದಲ್ಲಿ ಸಾವಿತ್ರಿಬಾಯಿ ಫುಲೆ ಮತ್ತು ಅವರ ದತ್ತುಮಗ ಡಾಕ್ಟರ್ ಯಶವಂತ ಪ್ಲೇಗ್ ರೋಗಿಗಳಿಗೆ ಆರೈಕೆ ಮಾಡ್ತಿದ್ದರು. ರೋಗ ತಗುಲಿ ಸಾವಿತ್ರಿಬಾಯಿ ತೀರಿಕೊಂಡದ್ದು 1897ರ ಮಾರ್ಚ್ 10, ಮನೆ ಶೋಧ ಶುರುವಾಗೋಕೆ ಮೂರು ದಿನ ಮೊದಲು. ಅದೇ ರೋಗ, ಅದೇ ಊರು, ಅದೇ ವಾರ. ರೋಗಿಯನ್ನು ಮುಟ್ಟುವ ಎರಡು ರೀತಿ. ರೋಗ ಹರಡೋದು ಇಲಿಯ ಚಿಗಟದಿಂದ ಅಂತ ಪಾಲ್-ಲೂಯಿ ಸಿಮೋಂ ತೋರಿಸಿದ್ದು 1898ರಲ್ಲಿ, ಅದನ್ನು ಜನ ನಂಬೋಕೆ ಇನ್ನೂ ವರ್ಷಗಳು ಬೇಕಾದವು. ಸೈನಿಕರು ಹುಡುಕಿದ್ದು ಮನುಷ್ಯರನ್ನು, ರೋಗ ಇದ್ದದ್ದು ಇಲಿಯಲ್ಲಿ. 1898ರಲ್ಲಿ ಹುಬ್ಬಳ್ಳಿ ಪ್ಲೇಗಿಗೆ ತತ್ತರಿಸಿದಾಗ ಸಾವಿರಾರು ಜನ ಹಾಫ್‌ಕಿನ್ ಲಸಿಕೆ ಹಾಕಿಸಿಕೊಂಡರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ನೆನಪು ಅಜ್ಜಿಯರ ಬಾಯಲ್ಲಿ ಇನ್ನೂ ಇದೆ. ಪುಣೆಯ ನಂತರ ಸರ್ಕಾರವೂ ಬಲವಂತದ ಶೋಧವನ್ನು ಕ್ರಮೇಣ ಸಡಿಲಿಸಿತು. ಕಾಯ್ದೆ ಮಾತ್ರ ಹಾಗೇ ಉಳಿಯಿತು.

ಸ್ವಾತಂತ್ರ್ಯ ಬಂದ ಮೇಲೆ ಬಾಗಿಲು ತಾನಾಗಿ ತೆರೆಯಲಿಲ್ಲ. ಪೊಲೀಸರು ವಶಪಡಿಸಿಕೊಂಡ ಚಿನ್ನವನ್ನು ಹೆಡ್ ಕಾನ್‌ಸ್ಟೇಬಲ್ಲೇ ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋದ ಕಸ್ತೂರಿ ಲಾಲ್ ಕೇಸಿನಲ್ಲಿ, ಇದು ಸಾರ್ವಭೌಮ ಅಧಿಕಾರದ ಕೆಲಸ, ಸರ್ಕಾರ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟು 1964ರಲ್ಲಿ ಹೇಳಿತು. ಆಧಾರ 1861ರ ಕಲ್ಕತ್ತೆಯ ಒಂದು ತೀರ್ಪು.

ದಾರಿ ಬದಲಾದದ್ದು 1983ರಲ್ಲಿ, ಬಿಹಾರದ ರುದುಲ್ ಸಾಹ್ ಕೇಸಿನಿಂದ. 1968ರ ಜೂನ್‌ನಲ್ಲಿ ಕೋರ್ಟು ಅವನನ್ನು ಖುಲಾಸೆ ಮಾಡಿತ್ತು. ಜೈಲಿನಿಂದ ಬಿಟ್ಟದ್ದು 1982ರ ಅಕ್ಟೋಬರಿನಲ್ಲಿ. 14 ವರ್ಷ. ಅಕ್ರಮ ಬಂಧನ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ? ತೀರ್ಪು ಬರೆದದ್ದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್, ಪುಣೆಯಲ್ಲೇ ಹುಟ್ಟಿ ಇಲ್ಲಿನ ಐಎಲ್‌ಎಸ್ ಕಾಲೇಜಿನಲ್ಲಿ ಕಾನೂನು ಓದಿದವರು. ಸಿವಿಲ್ ಕೋರ್ಟಿಗೆ ಹೋಗು ಅಂತ ಕಳಿಸೋ ಬದಲು, ಮೂಲಭೂತ ಹಕ್ಕಿನ ಅರ್ಜಿಯಲ್ಲೇ 30,000 ರೂಪಾಯಿ ಕೊಡಿಸಿದರು. ಮೊದಲು ಕೊಟ್ಟ 5,000 ಬೇರೆ. ಇದು ತತ್ಕಾಲದ ಪರಿಹಾರ, ಬೇಕಾದರೆ ಪೂರ್ಣ ದಾವೆಯನ್ನೂ ಹಾಕಬಹುದು ಅಂದರು. ಇದೇ ಚಂದ್ರಚೂಡ್ 1976ರ ತುರ್ತು ಪರಿಸ್ಥಿತಿಯಲ್ಲಿ, ಬಂಧಿತನಿಗೆ ಕೋರ್ಟಿಗೆ ಬರುವ ಹಕ್ಕೇ ಇಲ್ಲ ಅಂದ ಬಹುಮತದಲ್ಲಿದ್ದವರು, ಅದನ್ನೂ ಮರೆಯೋದು ಬೇಡ. 1985ರಲ್ಲಿ ಜಮ್ಮು-ಕಾಶ್ಮೀರದ ಶಾಸಕ ಭೀಮ್ ಸಿಂಗ್‌ಗೆ 50,000, 1993ರಲ್ಲಿ ಪೊಲೀಸ್ ವಶದಲ್ಲಿ ಮಗನನ್ನು ಕಳೆದುಕೊಂಡ ಒಡಿಶಾದ ನೀಲಬತಿ ಬೆಹೆರಾಗೆ 1,50,000. ಈ ಸಾಲಿನ ಕೇಸುಗಳಲ್ಲಿ ಸಾರ್ವಭೌಮ ಅಧಿಕಾರ ಅನ್ನೋ ರಕ್ಷೆ ನಡೆಯಲ್ಲ. ಅಧಿಕಾರಿಯ ಎದೆಯೊಳಗೆ ಏನಿತ್ತು ಅನ್ನೋದು ಅಲ್ಲಿ ಮೊದಲ ಪ್ರಶ್ನೆ ಅಲ್ಲ.

ಇನ್ನು 2020. ಮಹಾರಾಷ್ಟ್ರದಲ್ಲಿ ಕೋವಿಡ್‌ಗಾಗಿ ಅದೇ 1897ರ ಕಾಯ್ದೆಯನ್ನು ಜಾರಿಗೆ ತಂದ ದಿನ ಮಾರ್ಚ್ 13. ರ‍್ಯಾಂಡ್‌ನ ಶೋಧ ಶುರುವಾದ ತಾರೀಖೇ. ಕಾಕತಾಳೀಯ, ಅಷ್ಟೇ. ಏಪ್ರಿಲ್ ಮೊದಲ ವಾರದಲ್ಲಿ ಹಳೇ ಪೇಟೆಗಳ ಜೊತೆ ಕೊಂಢವಾವನ್ನೂ ಸೀಲ್ ಮಾಡಿದರು. ಎನ್‌ಐಬಿಎಂ ರಸ್ತೆ ಕಡೆ ಬ್ಯಾರಿಕೇಡ್, ಹಾಲಿಗೂ ಟೈಮಿಂಗ್. ಊರಿಗೆ ಹೋಗೋ ಹಾಗಿಲ್ಲ, ನಿಪ್ಪಾಣಿ ಹತ್ತಿರ ಗಡಿ ಬಂದ್. ಬರ್ಡ್ ಕೇಸಿನ ಲೆಕ್ಕದಲ್ಲಿ ಎಲ್ಲ ದಿಕ್ಕೂ ಮುಚ್ಚಿತ್ತು, ಆದರೂ ಅದು ಅಪಕೃತ್ಯ ಅಲ್ಲ. ಕಾನೂನಿನ ಅಧಿಕಾರ ಇತ್ತು, ಕಾರಣವೂ ಇತ್ತು, ಅದರ ಮೇಲೆ ನನಗೆ ತಕರಾರಿಲ್ಲ.

ತಕರಾರು ಬರೋದು ಬೆಂಗಳೂರಿನ ದೊಮ್ಮಲೂರಿನಂಥ ಕಡೆ. ಜುಲೈ 2020ರಲ್ಲಿ ಅಲ್ಲಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಬಿಬಿಎಂಪಿ ಸಿಬ್ಬಂದಿ ಎರಡು ಫ್ಲಾಟುಗಳ ಬಾಗಿಲಿಗೆ ಹೊರಗಿನಿಂದ ಲೋಹದ ಶೀಟು ಬಡಿದುಬಿಟ್ಟರು. ಒಂದರಲ್ಲಿ ಇಬ್ಬರು ಮಕ್ಕಳ ಜೊತೆ ತಾಯಿ, ಇನ್ನೊಂದರಲ್ಲಿ ವಯಸ್ಸಾದ ದಂಪತಿ. ಬೆಂಕಿ ಬಿದ್ದರೆ? ಫೋಟೋ ಹರಿದಾಡಿತು. ಆಗಿನ ಆಯುಕ್ತ ಎನ್. ಮಂಜುನಾಥ ಪ್ರಸಾದ್ ಅದೇ ದಿನ ಶೀಟು ತೆಗೆಸಿ, ಟ್ವಿಟರ್‌ನಲ್ಲಿ ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದು ಒಳ್ಳೆಯದೇ. ಆದರೆ ಅಪಕೃತ್ಯದ ಪಟ್ಟಿ ಹಿಡಿದು ನೋಡಿ. ಶೀಟು ತಾನಾಗಿ ಬಡಿದುಕೊಂಡಿರಲಿಲ್ಲ, ಒಳಗಿದ್ದವರಿಗೆ ಬೇರೆ ದಾರಿ ಇರಲಿಲ್ಲ, ಅವರ ಒಪ್ಪಿಗೆಯೂ ಇರಲಿಲ್ಲ. ಉಳಿಯೋದು ಅಧಿಕಾರದ ಪ್ರಶ್ನೆ, ಮತ್ತೆ ಅದೇ ಸದ್ಭಾವನೆ. ಮೊಳೆ ಹೊಡೆದವನ ಮನಸ್ಸಿನಲ್ಲಿ ದ್ವೇಷ ಇತ್ತು ಅಂತ ನಾನಂತೂ ನಂಬಲ್ಲ. ರೋಗ ತಡೀಬೇಕು ಅಂತಲೇ ಹೊಡೆದಿರುತ್ತಾನೆ. 1897ರ ಡರ್ಹ್ಯಾಮ್ ಸಿಪಾಯಿಗಳಲ್ಲೂ ಬಹಳಷ್ಟು ಜನ ಹಾಗೇ ಇದ್ದಿರಬೇಕು. ಒಳಗೆ ಸಿಕ್ಕಿಕೊಂಡವರಿಗೆ ಅದರಿಂದ ಏನು ವ್ಯತ್ಯಾಸ ಅನ್ನೋದು ಹಳೇ ಇಂಗ್ಲಿಷ್ ಜಡ್ಜುಗಳಿಗೆ ಗೊತ್ತಿತ್ತು.

ನಾಲ್ಕನೇ ಕಲಮನ್ನು 2020ರ ತಿದ್ದುಪಡಿಯಲ್ಲೂ ಮುಟ್ಟಲಿಲ್ಲ. ಆ ತಿದ್ದುಪಡಿ ಡಾಕ್ಟರು, ನರ್ಸುಗಳ ಮೇಲೆ ಹಲ್ಲೆ ಮಾಡಿದವರಿಗೆ ಶಿಕ್ಷೆ ಹೆಚ್ಚಿಸಿತು, ಅದು ಬೇಕಾಗಿಯೇ ಇತ್ತು.

ವಿಡಿಯೋದಲ್ಲಿ ಹೇಳೋಕೆ ಸಮಯ ಸಾಲದೆ ಬಿಟ್ಟ ಒಂದು ಲೆಕ್ಕ. 1963ರ ಕಾಲಮಿತಿ ಕಾಯ್ದೆ ಪ್ರಕಾರ ಅಕ್ರಮ ಬಂಧನಕ್ಕೆ ಪರಿಹಾರ ಕೇಳೋ ದಾವೆಯನ್ನು ಬಂಧನ ಮುಗಿದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಯಾವುದೋ ಕಾಯ್ದೆಯ ಕೆಳಗೆ ಮಾಡಿದ್ದು ಅಂತ ಹೇಳಿಕೊಂಡ ಕೆಲಸಕ್ಕೂ ಒಂದೇ ವರ್ಷ. ಮನೆ, ಜಮೀನಿನ ಮೇಲಿನ ಅತಿಕ್ರಮಕ್ಕೆ ಮಾತ್ರ ಮೂರು ವರ್ಷ. ಮನುಷ್ಯನನ್ನು ಕೂಡಿಹಾಕಿದ್ದಕ್ಕಿಂತ ಅವನ ಸೈಟಿಗೆ ಕಾಲಿಟ್ಟದ್ದನ್ನು ಕಾನೂನು ಮೂರು ಪಟ್ಟು ಹೊತ್ತು ನೆನಪಿಟ್ಟುಕೊಳ್ಳುತ್ತೆ. ಸರ್ಕಾರದ ಮೇಲಾದರೆ ಎರಡು ತಿಂಗಳ ನೋಟಿಸು ಇವತ್ತಿಗೂ ಇದೆ, ಈಗ ಅದು ಸಿಪಿಸಿಯ 80ನೇ ಕಲಮು.

ಮುಂದಿನ ಸಲ ಪುಣೆಯದ್ದೇ ಇನ್ನೊಂದು ದಾವೆ: 1919ರಲ್ಲಿ ತಿಲಕರು ಲಂಡನ್ನಿಗೆ ಹೋಗಿ ಪತ್ರಕರ್ತ ವ್ಯಾಲೆಂಟೈನ್ ಚಿರೋಲ್ ಮೇಲೆ ನಡೆಸಿದ ಮಾನನಷ್ಟದ ಕೇಸು. ಎದುರು ವಕೀಲ ಎಡ್ವರ್ಡ್ ಕಾರ್ಸನ್. ತಿಲಕರು ಸೋತರು, ಖರ್ಚೂ ತಲೆಗೆ ಬಂತು.